ಮೈಕನ್ ಇವತ್ತು ಆಡಿದ್ರೆ ನಿಲ್ತಿದ್ನಾ? ಸಾಕು ಮಾರಾಯ್ರೆ

ಸಂಜೆ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಕೋರ್ಟಿನ ಪಕ್ಕದ ಕಟ್ಟೆ ಮೇಲೆ ಅಪ್ಪಂದಿರು ಕೂತಿರುತ್ತಾರೆ. ನಾನು "ಮೈಕನ್ ಡ್ರಿಲ್!" ಎಂದು ಕೂಗಿದರೆ ಸಾಕು, ಯಾರಾದರೊಬ್ಬರು ಫೋನ್ ತೆಗೆದು ಹುಡುಕುತ್ತಾರೆ. 1950ರ ಸುಮಾರಿನ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಜಾರ್ಜ್ ಮೈಕನ್‌ನ ಕಪ್ಪು ಬಿಳುಪು ವಿಡಿಯೊ ಸಿಗುತ್ತದೆ. ಆರಡಿ ಹತ್ತಿಂಚು ಎತ್ತರ, ದಪ್ಪ ಕನ್ನಡಕ, 99 ನಂಬರಿನ ಬನಿಯನ್ನು. ಮೊದಲು ನಗು, ಆಮೇಲೆ ಪ್ರಶ್ನೆ. "ಸರ್, ಈ ಮನುಷ್ಯ ಇವತ್ತು ಆಡಿದ್ರೆ ನಿಲ್ತಿದ್ನಾ?"

ಇಲ್ಲ. ಹಾಗೇ ತಂದು ನಿಲ್ಲಿಸಿದರೆ ಕಷ್ಟವೇ. ಆಯ್ತಾ?

ಪ್ರಶ್ನೆಗಿಂತ ಆ ನಗು ನನಗೆ ಉರಿಸುತ್ತದೆ. ನಾನೂ ಏಳನೇ ಕ್ಲಾಸಿನಿಂದ ಕನ್ನಡಕದವನು. ಹಿಂದೆ ಎಲಾಸ್ಟಿಕ್ ಕಟ್ಟಿಕೊಂಡು ಆಡಿದವನು. ಹಾಗಾಗಿ ಈ ವಿಷಯದಲ್ಲಿ ನನ್ನಿಂದ ನ್ಯಾಯ ನಿರೀಕ್ಷಿಸಬೇಡಿ.

ಹೋದ ವರ್ಷ ಒಬ್ಬರು, "ನಮ್ಮ ಅಪಾರ್ಟ್‌ಮೆಂಟ್ ಅಂಕಲ್‌ಗಳೇ ವಾಸಿ ಬಿಡಿ" ಅಂದರು. ಸುಮ್ನೆ ಚೆಂಡು ಕೈಗೆ ಕೊಟ್ಟೆ. ಬುಟ್ಟಿಯ ಕೆಳಗೆ ನಿಲ್ಲಬೇಕು. ಬಲಗೈಯಿಂದ ಬಲಗಡೆ ಒಂದು, ಚೆಂಡು ನೆಲ ಮುಟ್ಟುವ ಮೊದಲೇ ಹಿಡಿದು ಎಡಗೈಯಿಂದ ಎಡಗಡೆ ಒಂದು. ನಿಲ್ಲಿಸದೆ ಹೀಗೇ ಮಾಡುತ್ತಿರಬೇಕು. ಡ್ರಿಲ್ ಅಂದರೆ ಇಷ್ಟೇ. ಬಲಗಡೆಯದು ಬಿತ್ತು. ಎಡಗಡೆಯದು ರಿಂಗಿನ ಅಡಿಗೆ ಬಡಿದು ನೇರ ಅವರ ಮೂಗಿಗೆ ಬಂತು. ಮಗ ಪಾಪ ಶೂ ಲೇಸ್ ಕಟ್ಟುವ ನೆಪದಲ್ಲಿ ಬಗ್ಗಿಕೊಂಡ. ನಾನು ಹಾಗೆ ಮಾಡಬಾರದಿತ್ತೇನೋ. ಪಶ್ಚಾತ್ತಾಪವೇನೂ ಆಗಲಿಲ್ಲ.

ಜಾರ್ಜ್ ಮೈಕನ್ 1924ರಲ್ಲಿ ಅಮೆರಿಕದ ಇಲಿನಾಯ್ಸ್ ರಾಜ್ಯದ ಜೋಲಿಯಟ್‌ನಲ್ಲಿ ಹುಟ್ಟಿದವನು. ಷಿಕಾಗೊದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಬಂದಾಗ ಅವನಿಗೆ ತನ್ನ ಕೈಕಾಲೇ ಮಾತು ಕೇಳುತ್ತಿರಲಿಲ್ಲ. ಕೋಚ್ ರೇ ಮೇಯರ್ ಅವನ ಕೈಲಿ ಹಗ್ಗ ಜಿಗಿಸಿದರು, ಬಾಕ್ಸಿಂಗ್ ಮಾಡಿಸಿದರು, ಡ್ಯಾನ್ಸ್ ಕ್ಲಾಸಿಗೂ ಕಳಿಸಿದರು. ಜೊತೆಗೆ ದಿನಾ ಎರಡೂ ಕೈಯಿಂದ ನೂರಾರು ಹುಕ್ ಶಾಟ್, ಅಂದರೆ ಬುಟ್ಟಿಗೆ ಪಕ್ಕ ತಿರುಗಿ ತಲೆಯ ಮೇಲಿಂದ ಒಂದೇ ಕೈಯಲ್ಲಿ ಎಸೆಯೋದು. ನಾನು ಕೂಗುವ ಡ್ರಿಲ್ ಹುಟ್ಟಿದ್ದು ಅಲ್ಲೇ.

ಆಮೇಲೆ ಅವನನ್ನು ತಡೆಯೋದು ಆಟಗಾರರ ಕೈಲಿ ಆಗಲಿಲ್ಲ. ಅದಕ್ಕೇ ನಿಯಮ ಬದಲಾಯಿಸಿದರು. ಬುಟ್ಟಿಗೆ ಇಳಿಯುತ್ತಿರುವ ಚೆಂಡನ್ನು ಅವನು ಮೇಲಿಂದಲೇ ತಟ್ಟಿಬಿಡುತ್ತಿದ್ದ. ಅವನೂ ಬಾಬ್ ಕರ್ಲೆಂಡ್ ಎಂಬ ಇನ್ನೊಬ್ಬ ಉದ್ದದವನೂ ಸೇರಿ ಕೊಟ್ಟ ಕಾಟಕ್ಕೆ 1944ರಲ್ಲಿ ಕಾಲೇಜು ಆಟದಲ್ಲಿ ಅದನ್ನು ನಿಷೇಧಿಸಿದರು. ಅವನು ಮಿನಿಯಾಪೊಲಿಸ್ ಲೇಕರ್ಸ್ ತಂಡಕ್ಕೆ ಆಡುವಾಗ, 1951ರಲ್ಲಿ, ಬುಟ್ಟಿಯ ಮುಂದಿನ, ಹೆಚ್ಚು ಹೊತ್ತು ನಿಲ್ಲಬಾರದ ಪಟ್ಟಿಯನ್ನು 6 ಅಡಿಯಿಂದ 12 ಅಡಿಗೆ ಅಗಲ ಮಾಡಿದರು. ಅವನು ಸ್ವಲ್ಪ ದೂರ ನಿಲ್ಲಲಿ ಅಂತ. ದೂರ ನಿಂತೂ ಗೆದ್ದ. ಪಟ್ಟಿ ಅಗಲವಾಗುವ ಮೊದಲು 1950ರಲ್ಲಿ ಒಂದು, ಆಮೇಲೆ 1952ರಿಂದ 54ರವರೆಗೆ ಮೂರು, ಒಟ್ಟು ನಾಲ್ಕು ಸಲ ಅಮೆರಿಕದ ದೊಡ್ಡ ಲೀಗಾದ ಎನ್‌ಬಿಎ ಪ್ರಶಸ್ತಿ. ಎನ್‌ಬಿಎಗೂ ಮುಂಚಿನ ಲೀಗ್‌ಗಳ ಮೂರು ಬೇರೆ.

1950ರ ನವೆಂಬರ್ 22ರ ಕಥೆ ಇನ್ನೂ ಮಜಾ. ಫೋರ್ಟ್ ವೇನ್ ಪಿಸ್ಟನ್ಸ್ ತಂಡದವರು ಇವನಿಗೆ ಹೆದರಿ ಚೆಂಡನ್ನು ಹಿಡಿದುಕೊಂಡೇ ನಿಂತುಬಿಟ್ಟರು. ಪೂರ್ತಿ ಮ್ಯಾಚಿನ ಸ್ಕೋರು 19–18! ಲೇಕರ್ಸ್ ಸೋತಿತು. ಆ 18ರಲ್ಲಿ ಮೈಕನ್‌ನದೇ 15. ಇಂಥ ಬೇಜಾರಿನ ಆಟಗಳಿಗೆ ಮದ್ದಾಗಿ 1954ರಲ್ಲಿ 24 ಸೆಕೆಂಡಿನ ಗಡಿಯಾರ ಬಂತು. ಚೆಂಡು ಸಿಕ್ಕ ತಂಡ ಅಷ್ಟರೊಳಗೆ ಬುಟ್ಟಿಗೆ ಎಸೆಯಲೇಬೇಕು.

ಒಂದು ಮಾತು ನಿಮ್ಮ ಪರವಾಗಿ. ಗಡಿಯಾರ ಬಂದ ಮೇಲೆ, 1956ರಲ್ಲಿ, ನಿವೃತ್ತನಾಗಿದ್ದವನು ಮತ್ತೆ ಬಂದ. 37 ಮ್ಯಾಚ್ ಆಡಿದ. ಹಳೆಯ ಮೈಕನ್ ಕಾಣಲಿಲ್ಲ. ಆಟ ಓಡತೊಡಗಿತ್ತು, ಮೂಳೆ ಮುರಿದು ಮುರಿದು ಅವನ ಕಾಲು ಸೋತಿತ್ತು. ಇದನ್ನು ಹೇಳದೆ ಇರಬಹುದಿತ್ತು. ಹೇಳಿದ್ದೇನೆ, ಹೋಗ್ಲಿ.

ಇಷ್ಟು ವರ್ಷದಲ್ಲಿ ಒಬ್ಬರೂ "ಆಮೇಲೆ ಅವನಿಗೇನಾಯ್ತು ಸರ್?" ಅಂತ ಕೇಳಿಲ್ಲ. ಕೇಳಿದ್ದರೆ ಖುಷಿಯಾಗಿ ಹೇಳುತ್ತಿದ್ದೆ. ಖುಷಿಯ ಕಥೆಯೇನಲ್ಲ ಬಿಡಿ. ವಕೀಲನಾದ. 1956ರಲ್ಲೇ ಅಮೆರಿಕದ ಸಂಸತ್ತಿಗೆ ನಿಂತು ಸೋತ. 1967ರಲ್ಲಿ ಎಬಿಎ ಎಂಬ ಹೊಸ ಲೀಗಿನ ಮೊದಲ ಕಮಿಷನರ್ ಆಗಿ ಕೆಂಪು, ಬಿಳಿ, ನೀಲಿ ಬಣ್ಣದ ಚೆಂಡು ತಂದ. ಇವತ್ತು ನಿಮ್ಮ ಮಕ್ಕಳು ಹುಚ್ಚು ಹಿಡಿದ ಹಾಗೆ ದೂರದಿಂದ ಎಸೆಯುವ ಮೂರು ಪಾಯಿಂಟಿನ ಶಾಟ್ ಅವನ ಆ ಲೀಗಿನಲ್ಲೇ ಜೋರಾಗಿ ಬೆಳೆದದ್ದು.

ಮುಂದೆ ಸಕ್ಕರೆ ಕಾಯಿಲೆ. ಒಂದು ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಕಿಡ್ನಿ ಹೋಗಿ ಡಯಾಲಿಸಿಸ್. ಎನ್‌ಬಿಎಗೆ ದುಡ್ಡು ಹರಿದುಬರುವ ಮುಂಚೆ ಆಡಿದವರಿಗೆ ಆಗ ಪಿಂಚಣಿ ತೀರಾ ಕಡಿಮೆ ಇತ್ತು. ಇವನಿಗೆ ತಿಂಗಳಿಗೆ 1,700 ಡಾಲರ್. ಜಾಸ್ತಿ ಮಾಡಿ ಅಂತ, ತನಗೊಬ್ಬನಿಗೇ ಅಲ್ಲ, ತನ್ನ ಕಾಲದವರಿಗೆಲ್ಲ, ಕೊನೆಯವರೆಗೂ ಲೀಗಿನ ಜೊತೆ ಜಗಳವಾಡಿದ. 2005ರ ಜೂನ್ 1ರಂದು ಅರಿಜೋನಾದಲ್ಲಿ ತೀರಿಕೊಂಡ. ಅಂತ್ಯಕ್ರಿಯೆಯ ಖರ್ಚು ಕೊಟ್ಟದ್ದು ಷಕೀಲ್ ಓನೀಲ್, ಆಮೇಲಿನ ಕಾಲದ ಎನ್‌ಬಿಎ ದೈತ್ಯ.