ತಾರಸಿ ಹತ್ತುವ ಮೊದಲು ಕರೆಂಟ್ ಬಿಲ್ ತೆಗೆಯಿರಿ

ಮನೆಗೆ ಸೋಲಾರ್ ಹಾಕಿಸುವ ಯೋಚನೆ ಬಂದ ಕೂಡಲೇ ಕಂಪನಿಯವರಿಗೆ ಫೋನ್ ಮಾಡಬೇಡಿ. ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಹುಡುಕಿ, ತಿಂಗಳಿಗೆ ಎಷ್ಟು ಯೂನಿಟ್ ಖರ್ಚಾಗಿದೆ ಎಂದು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ಅದೇ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದಿರುತ್ತದೆ, ಅದನ್ನೂ ಬರೆಯಿರಿ. ಆರ್.ಆರ್. ನಂಬರ್ ಯಾರ ಹೆಸರಿನಲ್ಲಿದೆ ನೋಡಿ. ಮುಂದಿನ ಎಲ್ಲ ತೀರ್ಮಾನಗಳೂ ಈ ಒಂದು ಹಾಳೆಯಿಂದಲೇ ಹೊರಡುತ್ತವೆ.

ಮೊದಲು ಯಾರಿಗೆ ಬೇಡ ಎನ್ನುವುದನ್ನು ಹೇಳಿಬಿಡುವುದು ಒಳ್ಳೆಯದು. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ ಪ್ರತಿ ತಿಂಗಳೂ ಸೊನ್ನೆ ಬರುತ್ತಿದ್ದರೆ ಸೋಲಾರ್ ಉಳಿಸಿಕೊಡುವ ಹಣವೂ ಸೊನ್ನೆಯೇ. ಒಂದು ಲಕ್ಷಕ್ಕಿಂತ ಹೆಚ್ಚು ಹಣ ತಾರಸಿಯ ಮೇಲೆ ಹಾಕಿ, ಬಾರದ ಬಿಲ್ಲನ್ನು ಇಳಿಸಿದಂತಾಗುತ್ತದೆ. 200 ಯೂನಿಟ್ ಗಡಿ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುವ ಮನೆಗಳ ಕಥೆ ಬೇರೆ. ವರ್ಷದಲ್ಲಿ ಬೇಸಿಗೆಯ ಎರಡು ತಿಂಗಳು ಮಾತ್ರ ದಾಟುತ್ತಿದ್ದರೆ ಹಳೆಯ ಫ್ರಿಜ್, ಗೀಸರ್, ಫ್ಯಾನುಗಳತ್ತ ಮೊದಲು ನೋಡಿ. ಹಳೇ ಫ್ಯಾನ್ 75 ವ್ಯಾಟ್ ಎಳೆಯುವ ಕಡೆ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸಿನಲ್ಲೇ ತಿರುಗುತ್ತದೆ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಅಂಥ ಮನೆಗೆ ಸೋಲಾರ್ ವಾಟರ್ ಹೀಟರ್ ಮೊದಲು, ಪ್ಯಾನೆಲ್ ಆಮೇಲೆ.

ಎಲ್ಲ ತಿಂಗಳೂ 250 ಯೂನಿಟ್ ಮೀರುವ, ಸ್ವಂತ ತಾರಸಿ ಇರುವ ಮನೆಯವರು ಧೈರ್ಯವಾಗಿ ಮುಂದುವರಿಯಬಹುದು. ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ., ಒಟ್ಟು 78,000 ರೂ. ಸಹಾಯಧನವಿದೆ. 3ಕ್ಕಿಂತ ದೊಡ್ಡದು ಹಾಕಿದರೂ ಸಿಗುವುದು ಅಷ್ಟೇ. 3 ಕಿಲೋವ್ಯಾಟ್ ಘಟಕಕ್ಕೆ 1.9 ಲಕ್ಷ ಬಿತ್ತು ಎಂದುಕೊಳ್ಳಿ, ಕೈಯಿಂದ ಹೋಗುವುದು 1.12 ಲಕ್ಷ. ಆದರೆ ಸಹಾಯಧನ ಬರುವುದು ಕೆಲಸ ಮುಗಿದು, ಮೀಟರ್ ಕೂತು, ತಪಾಸಣೆ ಆದ ಮೇಲೆ. ಮೊದಲು ಪೂರ್ತಿ ಹಣ ಹೊಂದಿಸಿಕೊಳ್ಳಬೇಕು, ಇಲ್ಲವೇ ಬ್ಯಾಂಕ್ ಸಾಲ ತೆಗೆಯಬೇಕು.

ಉತ್ಪಾದನೆಯ ಲೆಕ್ಕ ಸರಳ. ನಮ್ಮ ಬಯಲುಸೀಮೆಯಲ್ಲಿ 1 ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್‌ಗಿಂತ ಒಂದಿಷ್ಟು ಕಡಿಮೆ, ವರ್ಷಕ್ಕೆ 1,350 ಯೂನಿಟ್ ಹಿಡಿಯಿರಿ. 3 ಕಿಲೋವ್ಯಾಟ್‌ಗೆ ಸುಮಾರು 4,000. ಫೆಬ್ರವರಿ, ಮಾರ್ಚ್‌ನಲ್ಲಿ ತಿಂಗಳಿಗೆ 380-400 ಬಂದರೆ ಜುಲೈ, ಆಗಸ್ಟ್‌ನಲ್ಲಿ 240ಕ್ಕೆ ಇಳಿಯುವುದುಂಟು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಇಳಿತ ಇನ್ನೂ ಜೋರು. ಅಲ್ಲಿನವರು ವಿಜಯಪುರ, ರಾಯಚೂರಿನ ಅಂಕಿ ನೋಡಿ ಲೆಕ್ಕ ಹಾಕಬಾರದು.

ಯೂನಿಟ್‌ಗೆ ಎಷ್ಟು ಉಳಿಯುತ್ತದೆ? 2025-26ರ ದರದಂತೆ ಗೃಹಬಳಕೆಗೆ 5.80 ರೂ. ಅದರ ಮೇಲೆ ಶೇ 9 ತೆರಿಗೆ, ವಿದ್ಯುತ್ ನೌಕರರ ಪಿಂಚಣಿ ಬಾಬಿನ 36 ಪೈಸೆ ಸೇರಿಸಿದರೆ ಆರೂಮುಕ್ಕಾಲು ರೂಪಾಯಿಯ ಹತ್ತಿರ ಬರುತ್ತದೆ. ಮನೆಯಲ್ಲಿ 4,000 ಯೂನಿಟ್ ಪೂರ್ತಿ ಹೊಂದಾಣಿಕೆಯಾದರೆ ವರ್ಷಕ್ಕೆ 27,000 ರೂ. ಹತ್ತಿರ ಉಳಿತಾಯ, ನಾಲ್ಕೂಕಾಲು ವರ್ಷದಲ್ಲಿ ಹಾಕಿದ ಹಣ ವಾಪಸು. ‘ಹೊಂದಾಣಿಕೆಯಾದರೆ’ ಎನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನೆಟ್ ಮೀಟರ್‌ನಲ್ಲಿ ಹಗಲು ಲೈನಿಗೆ ಕೊಟ್ಟ ಯೂನಿಟ್, ರಾತ್ರಿ ಲೈನಿನಿಂದ ಪಡೆದ ಯೂನಿಟ್‌ಗೆ ವಜಾ ಆಗುತ್ತದೆ. ವಜಾ ಆಗಿ ಮಿಕ್ಕಿದ್ದಕ್ಕೆ ಎಸ್ಕಾಂ (ನಿಮ್ಮ ವಿದ್ಯುತ್ ಸರಬರಾಜು ಕಂಪನಿ) ಕೊಡುವ ದರ ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. 2013ರಲ್ಲಿ ಯೂನಿಟ್‌ಗೆ 9.56 ರೂ. ಸಿಗುತ್ತಿತ್ತು. ಆ ಕಾಲದ ‘ಕರೆಂಟ್ ಮಾರಿ ದುಡ್ಡು ಮಾಡಿ’ ಎಂಬ ಮಾತನ್ನು ಇಂದಿಗೂ ಮಾರುಕಟ್ಟೆಯಲ್ಲಿ ಹೇಳುವವರಿದ್ದಾರೆ, ಅದಕ್ಕೆ ಕಿವಿಗೊಡಬೇಡಿ. ತಿಂಗಳಿಗೆ 200 ಯೂನಿಟ್ ಬಳಸುವ ಮನೆಗೆ 5 ಕಿಲೋವ್ಯಾಟ್ ಹಾಕಿಸುವುದು ಶುದ್ಧ ನಷ್ಟ. ನಿಮ್ಮ ಹಾಳೆಯಲ್ಲಿ ಅತಿ ಕಡಿಮೆ ಬಳಕೆಯ ತಿಂಗಳು ಯಾವುದಿದೆಯೋ ಅದರ ಆಸುಪಾಸಿಗೆ ಘಟಕದ ಗಾತ್ರ ನಿಲ್ಲಿಸಿ.

ಇನ್ನೊಂದು ಕಡೆ ಲೆಕ್ಕ ತಪ್ಪುತ್ತದೆ: ನಿಗದಿತ ಶುಲ್ಕ. ಅದೇ 2025-26ರ ದರದಲ್ಲಿ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂ. ಎಷ್ಟು ಸೋಲಾರ್ ಇದ್ದರೂ ಇದು ಹೋಗುವುದಿಲ್ಲ. 1 ಕಿಲೋವ್ಯಾಟ್ ಲೋಡ್ ಇರುವ ಮನೆಗೆ 3 ಕಿಲೋವ್ಯಾಟ್ ಘಟಕ ಕೂರಿಸಲು ಲೋಡನ್ನೂ 3ಕ್ಕೆ ಏರಿಸಿದರೆ ತಿಂಗಳಿಗೆ 290 ರೂ. ಹೆಚ್ಚು, ವರ್ಷಕ್ಕೆ 3,480. ಕೊಟೇಷನ್ನಿನ ‘ಉಳಿತಾಯ’ದಲ್ಲಿ ಇದನ್ನು ಕಳೆದಿದ್ದಾರೆಯೇ ಕೇಳಿ. ಬಹುಪಾಲು ಕಳೆದಿರುವುದಿಲ್ಲ.

ಈಗ ತಾರಸಿ ಹತ್ತಬಹುದು. 540 ವ್ಯಾಟ್‌ನ ಪ್ಯಾನೆಲ್ ಹೆಚ್ಚುಕಡಿಮೆ ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. ಆರು ಪ್ಯಾನೆಲ್‌ಗೆ 3.24 ಕಿಲೋವ್ಯಾಟ್. ಪ್ಯಾನೆಲ್ ಹರಡಿದ ಜಾಗ 170 ಚದರಡಿ ಆದರೂ ತೊಳೆಯಲು, ಓಡಾಡಲು ಸೇರಿಸಿ 250-300 ಚದರಡಿ ಬಿಡಿ. ಮುಖ ದಕ್ಷಿಣಕ್ಕೆ, ಓರೆ ಬೆಂಗಳೂರು-ಮೈಸೂರಿನಲ್ಲಿ 12-13 ಡಿಗ್ರಿ, ಕಲಬುರಗಿ ಕಡೆ 17. ಓರೆ ಎರಡು ಮೂರು ಡಿಗ್ರಿ ಆಚೀಚೆ ಆದರೆ ಚಿಂತೆಯಿಲ್ಲ. ಚಿಂತೆ ಮಾಡಬೇಕಾದ್ದು ನೆರಳಿಗೆ.

ವಾಸ್ತು ನೋಡಿ ನೀರಿನ ಟ್ಯಾಂಕನ್ನು ನೈಋತ್ಯ ಮೂಲೆಯಲ್ಲಿ ಕೂರಿಸುವುದು ನಮ್ಮಲ್ಲಿ ರೂಢಿ, ಎಷ್ಟೋ ಮನೆಗಳಲ್ಲಿ ಅದು ಮೆಟ್ಟಿಲಿನ ಹೆಡ್‌ರೂಮ್ ಮೇಲೇ ಇರುತ್ತದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಸೂರ್ಯ ಇರುವುದೂ ನೈಋತ್ಯದಲ್ಲೇ! ಹೆಡ್‌ರೂಮ್ ಎಂಟು ಅಡಿ, ಟ್ಯಾಂಕ್ ಆರು ಅಡಿ, ಒಟ್ಟು 14 ಅಡಿ ಎತ್ತರ ಎನ್ನಿ. ಬೆಂಗಳೂರಿನಲ್ಲಿ ಡಿಸೆಂಬರ್ 21ರ ಮಧ್ಯಾಹ್ನ 3 ಗಂಟೆಗೆ ಅದರ ನೆರಳು ಈಶಾನ್ಯಕ್ಕೆ 19 ಅಡಿ ಚಾಚುತ್ತದೆ, 4 ಗಂಟೆಗೆ 30 ಅಡಿ. 30x40 ನಿವೇಶನದ ತಾರಸಿಯಲ್ಲಿ ಆಮೇಲೆ ಉಳಿಯುವುದೇನು? ಜೂನ್‌ನಲ್ಲಿ ನೋಡಿದವರಿಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ, ನೆರಳು ಮೊಟಕು. ಅದಕ್ಕೇ ಸಾಧ್ಯವಿದ್ದರೆ ಡಿಸೆಂಬರ್-ಜನವರಿಯಲ್ಲಿ ಬೆಳಿಗ್ಗೆ 9, ಮಧ್ಯಾಹ್ನ 12, 3 ಗಂಟೆಗೆ ಒಂದೇ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಚಳಿಗಾಲಕ್ಕೆ ಕಾಯಲು ಆಗದಿದ್ದರೆ ಎತ್ತರ ಅಳೆದು, ಬೆಳಿಗ್ಗೆ 9ಕ್ಕೆ ಎತ್ತರದ 1.8 ಪಟ್ಟು ವಾಯವ್ಯಕ್ಕೆ, 3 ಗಂಟೆಗೆ 1.4 ಪಟ್ಟು ಈಶಾನ್ಯಕ್ಕೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಪಕ್ಕದ ಖಾಲಿ ಸೈಟು ದಕ್ಷಿಣಕ್ಕಿದ್ದರೆ ಅಲ್ಲಿ ನಾಳೆ ಮೂರು ಮಹಡಿ ಏಳಬಹುದು ಎಂಬುದನ್ನೂ ಲೆಕ್ಕಕ್ಕೆ ತನ್ನಿ.

ಸಣ್ಣ ನೆರಳಿಗೆ ಇಷ್ಟು ಹೆದರಿಕೆ ಏಕೆಂದರೆ ಪ್ಯಾನೆಲ್‌ಗಳು ಸರದಂತೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ, ಎಲ್ಲದರಲ್ಲೂ ಒಂದೇ ಕರೆಂಟ್ ಹರಿಯಬೇಕು. ನೆರಳು ಬಿದ್ದ ತುಂಡು ದಾರಿ ಕಟ್ಟುತ್ತದೆ. ಆಗ ಬೈಪಾಸ್ ಡಯೋಡ್ ಆ ತುಂಡನ್ನು ಬಿಟ್ಟು ಕರೆಂಟನ್ನು ಸುತ್ತಿಸಿ ಕಳಿಸುತ್ತದೆ. ಒಂದು ಪ್ಯಾನೆಲ್‌ಗೆ ಸಾಮಾನ್ಯವಾಗಿ ಮೂರು ಡಯೋಡ್, ಹಾಗಾಗಿ ಒಂದು ಪೈಪಿನ ನೆರಳಿಗೂ ಆ ಪ್ಯಾನೆಲ್‌ನ ಮೂರನೇ ಒಂದು ಪಾಲು ಹೋಗಬಹುದು. ಪೂರ್ವಕ್ಕೆ ಮೂರು, ದಕ್ಷಿಣಕ್ಕೆ ಮೂರು ಹಾಕಿ ಒಂದೇ ಸರಕ್ಕೆ ಸೇರಿಸುವುದೂ ಇದೇ ತಪ್ಪು. ಎರಡು ದಿಕ್ಕು ಬೇಕೇ ಬೇಕೆಂದರೆ ಎರಡು ಎಂಪಿಪಿಟಿ, ಅಂದರೆ ಎರಡು ಸರಗಳನ್ನು ಬೇರೆ ಬೇರೆಯಾಗಿ ನಿಭಾಯಿಸುವ ವ್ಯವಸ್ಥೆ, ಇರುವ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯ ಎಸಿಗೆ ಬದಲಿಸುವ ಪೆಟ್ಟಿಗೆ) ತೆಗೆದುಕೊಳ್ಳಿ.

‘ಸೋಲಾರ್ ಇದ್ದರೆ ಕರೆಂಟ್ ಹೋದಾಗಲೂ ಲೈಟ್ ಇರುತ್ತದಲ್ಲ?’ ಇರುವುದಿಲ್ಲ. ಲೈನ್ ಹೋದ ಕ್ಷಣವೇ ಆನ್‌ಗ್ರಿಡ್, ಅಂದರೆ ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ, ಇನ್ವರ್ಟರ್ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯಿಂದ ಕರೆಂಟ್ ಹರಿಯಬಾರದು, ಅದಕ್ಕೆ. ಹಗಲು ಮೂರು ನಾಲ್ಕು ಗಂಟೆ ಕರೆಂಟ್ ತೆಗೆಯುವ ಊರಿನಲ್ಲಿ ಅಷ್ಟು ಹೊತ್ತಿನ ಬಿಸಿಲೂ ದಂಡ. ಅಲ್ಲಿ ಬ್ಯಾಟರಿಯನ್ನೂ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್, ಲಿಥಿಯಂ ಬ್ಯಾಟರಿಯ ಯೋಚನೆ ಸರಿ, ಆದರೆ ಹಣ ವಾಪಸಾಗುವ ವರ್ಷಗಳು ಹೆಚ್ಚುತ್ತವೆ. ನಗರದ ಮನೆಗೆ ಈಗಿರುವ 150 ಎಎಚ್ ಬ್ಯಾಟರಿಯ ಯುಪಿಎಸ್ ಸಾಕು, ಅದನ್ನು ಹಾಗೇ ಉಳಿಸಿಕೊಳ್ಳಿ. ಹಳ್ಳಿಯ ಲೈನಿನ ಕೊನೆಯಲ್ಲಿರುವ ಮನೆಗಳಿಗೆ ಮತ್ತೊಂದು ತೊಂದರೆ: ಹಗಲು ಲೋಡ್ ಇಲ್ಲದಾಗ ವೋಲ್ಟೇಜ್ ಏರಿ ಇನ್ವರ್ಟರ್ ಪದೇ ಪದೇ ಟ್ರಿಪ್ ಆಗುತ್ತದೆ. ಹಾಕಿಸುವ ಮೊದಲೇ ಒಂದು ವಾರ ನಡುಮಧ್ಯಾಹ್ನ ವೋಲ್ಟೇಜ್ ಅಳೆದು ಬರೆದಿಡಿ. 250 ದಾಟುತ್ತಿದ್ದರೆ ಟ್ರಾನ್ಸ್‌ಫಾರ್ಮರ್ ವಿಷಯ ಸೆಕ್ಷನ್ ಆಫೀಸಿನಲ್ಲಿ ಮೊದಲು ಬಗೆಹರಿಯಲಿ.

ಕೊಟೇಷನ್ ಬಂದಾಗ ಒಟ್ಟು ಮೊತ್ತ ನೋಡಿ ತೀರ್ಮಾನಿಸಬೇಡಿ. ಸಹಾಯಧನ ಬೇಕಾದರೆ ಪ್ಯಾನೆಲ್ ಡಿಸಿಆರ್, ಅಂದರೆ ಸೆಲ್ ಕೂಡ ಭಾರತದಲ್ಲೇ ತಯಾರಾದದ್ದು ಇರಬೇಕು. ಅದು ತುಸು ದುಬಾರಿ. ಕೊಟೇಷನ್ನಿನಲ್ಲಿ ಪ್ಯಾನೆಲ್ ಕಂಪನಿ, ಮಾಡೆಲ್, ಡಿಸಿಆರ್ ಎಂಬ ಪದ ಮೂರೂ ಬರಹದಲ್ಲಿರಲಿ. ಫ್ರೇಮ್ ಹಾಟ್‌ಡಿಪ್ ಜಿಐ (ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣ), ನಟ್‌ಬೋಲ್ಟ್ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್). ಬಣ್ಣ ಬಳಿದ ಎಂ.ಎಸ್. (ಸಾದಾ ಉಕ್ಕಿನ) ಪೈಪು ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಬಾಳುವುದಿಲ್ಲ. ಡಿಸಿ ಕೇಬಲ್ 4 ಚದರ ಮಿ.ಮೀ., ಬಿಸಿಲು ತಡೆಯುವ ಸೋಲಾರ್ ಕೇಬಲ್. ಎಸಿಡಿಬಿ, ಡಿಸಿಡಿಬಿ (ಎಸಿ, ಡಿಸಿ ಕಡೆಯ ಸ್ವಿಚ್ ಪೆಟ್ಟಿಗೆಗಳು) ಎರಡರಲ್ಲೂ ಸರ್ಜ್ ರಕ್ಷಣೆ, ಅಂದರೆ ವೋಲ್ಟೇಜ್ ಹಠಾತ್ತನೆ ಏರಿದರೆ ತಡೆಯುವ ಸಾಧನ. ಅರ್ಥಿಂಗ್ ಗುಂಡಿ ಮೂರು: ಡಿಸಿಗೆ, ಎಸಿಗೆ, ಸಿಡಿಲು ನಿರೋಧಕಕ್ಕೆ ಬೇರೆ ಬೇರೆ. ಇದರಲ್ಲಿ ಒಂದನ್ನು ಉಳಿಸುವ ಗುತ್ತಿಗೆದಾರನನ್ನು ಅಲ್ಲೇ ನಿಲ್ಲಿಸಿ.

ಪ್ಯಾನೆಲ್ ತಾನಾಗಿ ಕೆಡುವುದು ಅಪರೂಪ, ಕೆಡುವುದು ಜೋಡಣೆ. ಪ್ಯಾನೆಲ್ ಕೇಬಲ್‌ಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್‌ನಲ್ಲಿ ಒಂದು ಕಂಪನಿಯ ಗಂಡನ್ನು ಇನ್ನೊಂದರ ಹೆಣ್ಣಿಗೆ ತುರುಕಿದರೆ, ಅಥವಾ ಕ್ರಿಂಪಿಂಗ್ ಉಪಕರಣ ಬಿಟ್ಟು ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿದರೆ, ಬಿಸಿಯಾಗಿ ಕರಗುತ್ತದೆ. ಆರು ಪ್ಯಾನೆಲ್‌ನ ಸರದಲ್ಲಿ 300 ವೋಲ್ಟ್‌ವರೆಗೆ ಡಿಸಿ ಇರುತ್ತದೆ, ಅದರ ಕಿಡಿ ಎಸಿಯಂತೆ ಸುಲಭವಾಗಿ ಆರುವುದಿಲ್ಲ. ತಾರಸಿಗೆ ಎಂಟು ಅಡಿ ಎತ್ತರದ ಫ್ರೇಮ್ ಹಾಕಿಸಿ ಕೆಳಗೆ ಬಟ್ಟೆ ಒಣಗಿಸುವ ಆಸೆ ಎಲ್ಲರಿಗೂ ಇದೆ. ಹಾಗಾದರೆ ಏಪ್ರಿಲ್-ಮೇ ತಿಂಗಳ ಗಾಳಿಮಳೆ ಪ್ಯಾನೆಲ್ಲನ್ನು ಗಾಳಿಪಟದಂತೆ ಮೇಲೆತ್ತಲು ನೋಡುತ್ತದೆ, ಅಡ್ಡ ಬಿಗಿತ ಇರಲೇಬೇಕು. ತಾರಸಿ ಕೊರೆದ ಕಡೆ ಜಲನಿರೋಧ ಮಾಡದೆ ಬಿಟ್ಟರೆ ಮೊದಲ ಮಳೆಗೇ ಸೋರುತ್ತದೆ. ಕಾಂಕ್ರೀಟ್ ದಿಮ್ಮಿಯ ಮೇಲೆ ಕಾಲು ನಿಲ್ಲಿಸುವುದಾದರೆ ದಿಮ್ಮಿಯ ತೂಕ ಗಾಳಿಗೆ ಸಾಲುವಷ್ಟಿರಲಿ. ಸಿಮೆಂಟ್ ಶೀಟಿನ ಮೇಲೆ ಬೇಡವೇ ಬೇಡ. ಇನ್ವರ್ಟರ್ ನೆರಳಿನ ಗೋಡೆಯಲ್ಲಿ, ಸುತ್ತ ಗಾಳಿಯಾಡುವಂತೆ ಇರಲಿ. ಬಿಸಿಲಿಗೆ ಕಾದರೆ ಅದು ತಾನೇ ಉತ್ಪಾದನೆ ಇಳಿಸಿಕೊಳ್ಳುತ್ತದೆ.

ಅರ್ಜಿ ಪಿಎಂ ಸೂರ್ಯ ಘರ್ ಪೋರ್ಟಲ್‌ನಲ್ಲಿ, ನೋಂದಾಯಿತ ಗುತ್ತಿಗೆದಾರರನ್ನು ಆರಿಸಿಕೊಳ್ಳುವುದೂ ಅಲ್ಲಿಯೇ. ಕೆಲಸ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ. ಮೀಟರ್ ತೀರಿಕೊಂಡ ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಮೊದಲು ಎಸ್ಕಾಂನಲ್ಲಿ ಹೆಸರು ಬದಲಾಯಿಸಿ, ಆಮೇಲೆ ಅರ್ಜಿ ಹಾಕಿ. ಬಿಲ್ಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಇನಿಷಿಯಲ್ ಸಮೇತ ಹೊಂದಬೇಕು. ಗುತ್ತಿಗೆದಾರರಿಗೆ ಹಣವನ್ನು ಹಂತ ಹಂತವಾಗಿ ಕೊಡಿ, ಕೊನೆಯ ಕಂತು ನೆಟ್ ಮೀಟರ್ ಕೂತ ಮೇಲೆ.

ತೊಳೆಯುವುದು ಹದಿನೈದು ದಿನಕ್ಕೊಮ್ಮೆ, ಮುಂಜಾನೆ. ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ಬೋರ್‌ವೆಲ್ ನೀರು ಒಣಗಿದರೆ ಬಿಳಿ ಪೊರೆ ಕಟ್ಟುತ್ತದೆ, ಕೋಲಾರ-ಚಿಕ್ಕಬಳ್ಳಾಪುರದ ಗಡಸು ನೀರಿಗೆ ಇದು ಬೇಗ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ತೊಳೆದ ಕೂಡಲೇ ನೀರನ್ನು ಬಟ್ಟೆಯಲ್ಲಿ ಒರೆಸಿಬಿಡಿ. ನೆಟ್ ಮೀಟರ್ ಬಂದ ಮೇಲಿನ ಮೊದಲ ಬಿಲ್ಲಿನಲ್ಲಿ ಪಡೆದ ಯೂನಿಟ್, ಕೊಟ್ಟ ಯೂನಿಟ್ ಎರಡೂ ಬೇರೆ ಬೇರೆ ನಮೂದಾಗಿವೆಯೇ ನೋಡಿ. ಕೊಟ್ಟದ್ದು ಸೊನ್ನೆ ಎಂದಿದ್ದರೆ ಮೀಟರಿನ ಫೋಟೊ ಹಿಡಿದು ಅದೇ ವಾರ ಸಬ್‌ಡಿವಿಷನ್ನಿಗೆ ಹೋಗಿ. ತಿಂಗಳ ಕೊನೆಗೆ ಇನ್ವರ್ಟರಿನಲ್ಲಿ ಕಾಣುವ ಉತ್ಪಾದನೆಯನ್ನು ಹಳೆಯ ಹಾಳೆಯಲ್ಲೇ, ಆಯಾ ತಿಂಗಳ ಬಳಕೆಯ ಎದುರಿಗೆ ಬರೆಯುತ್ತಾ ಬನ್ನಿ. ಮರುವರ್ಷ ಅದೇ ತಿಂಗಳು ಐದರಲ್ಲಿ ಒಂದು ಪಾಲು ಕಡಿಮೆ ಬಂದರೆ ಮೋಡವನ್ನು ದೂರುವ ಮೊದಲು ತಾರಸಿಗೆ ಹೋಗಿ ಧೂಳು, ಹೊಸ ನೆರಳು, ಬಿಸಿಯಾದ ಕನೆಕ್ಟರ್ ಹುಡುಕಿ. ಕನೆಕ್ಟರನ್ನು ಕಣ್ಣಿನಿಂದ ನೋಡಿ ಸಾಕು, ಬಿಚ್ಚುವುದು ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಮುಖ್ಯ ಸ್ವಿಚ್) ಆಫ್ ಮಾಡಿದ ಮೇಲೆ ಟೆಕ್ನಿಷಿಯನ್ ಕೆಲಸ.