ತಿಕೋಟಾದ ತೋಟದಲ್ಲಿ ಒಂದು ಬಾಟಲಿ ಷಾರ್ಡೊನೇ

ಫೆಬ್ರುವರಿಯಲ್ಲಿ ಬೆಳಗಾವಿಯಿಂದ ವಿಜಯಪುರಕ್ಕೆ ಹೊರಟಾಗ ನನ್ನ ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಜಾಗ ಹಿಡಿದದ್ದು ಟವೆಲ್ಲಿನಲ್ಲಿ ಸುತ್ತಿದ ಒಂದು ಬಾಟಲಿ ಮತ್ತು ಮೂರು ವೈನ್ ಲೋಟಗಳು. ಬಾಟಲಿಯಲ್ಲಿದ್ದುದು ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ, ಷಾರ್ಡೊನೇ ದ್ರಾಕ್ಷಿಯೊಂದರಿಂದಲೇ ಮಾಡಿದ ನಾನ್-ವಿಂಟೇಜ್ ವೈನ್. ಅದರ ಗುಣವನ್ನು ದ್ರಾಕ್ಷಿ ಬೆಳೆಯುವವರ ನಡುವೆಯೇ ಕುಳಿತು ಅಳೆಯಬೇಕೆಂಬ ಆಸೆಯಿಂದ, ಬೆಳಿಗ್ಗೆ ಗೋಳಗುಮ್ಮಟ ನೋಡಿ, ಮಧ್ಯಾಹ್ನದ ಹೊತ್ತಿಗೆ ತಿಕೋಟಾ ಸಮೀಪದ ಗೆಳೆಯನ ತೋಟ ಸೇರಿದೆ.

ಗೆಳೆಯನ ತಂದೆ, ನಾವೆಲ್ಲ ಕಾಕಾ ಎನ್ನುವವರು, ಥಾಮ್ಸನ್ ಸೀಡ್‌ಲೆಸ್ ಗೊನೆಯಿಂದ ಒಂದು ಹಣ್ಣು ಕಿತ್ತು ರಸದ ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರಿನ ಗಾಜಿನ ಮೇಲೆ ಹಿಂಡಿ, ಬೆಳಕಿಗೆ ಹಿಡಿದು, "ಹದಿನೆಂಟು, ಇನ್ನಾ ಶುಗರ್ ಬರಬೇಕು" ಎಂದರು. ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಅವರು 22ರ ಆಚೆಗೂ ಕಾಯುತ್ತಾರೆ. ಶಾಂಪೇನಿನವರಾದರೋ ಸುಮಾರು ಇದೇ ಹಂತದಲ್ಲಿ ಹಣ್ಣು ಕೊಯ್ಯುತ್ತಾರೆ, ಏಕೆಂದರೆ ಅವರಿಗೆ ಬೇಕಾದದ್ದು ಹುಳಿ. ಇದನ್ನು ಹೇಳಿದಾಗ ಕಾಕಾ ನನ್ನನ್ನು ಸ್ವಲ್ಪ ಕನಿಕರದಿಂದ ನೋಡಿದರು.

ನಾನ್-ವಿಂಟೇಜ್ ಎಂದರೆ ಕೆಳದರ್ಜೆಯೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದು ಬೇರೆ ಬೇರೆ ವರ್ಷಗಳ ವೈನುಗಳನ್ನು ಬೆರೆಸಿ, ಮಳೆ ಚಳಿ ಏನೇ ಏರುಪೇರಾದರೂ ತಯಾರಕರ ರುಚಿ ಬದಲಾಗದಂತೆ ಕಾಯುವ ಕೆಲಸ. ಗುಳ್ಳೆ ಹುಟ್ಟಿಸುವ ಎರಡನೆಯ ಹುದುಗು ಬಾಟಲಿಯೊಳಗೇ ನಡೆಯುತ್ತದೆ. ಅದಕ್ಕಾಗಿ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಹಾಕಿದರೆ ಒಳಗೆ ಹೊರಗಿನ ಗಾಳಿಯ ಒತ್ತಡದ ಸುಮಾರು 6 ಪಟ್ಟು ಒತ್ತಡ ಹುಟ್ಟುತ್ತದೆ. ನಿಯಮದಂತೆ ಇಂಥ ಬಾಟಲಿ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿರಬೇಕು, ಅದರಲ್ಲಿ 12 ತಿಂಗಳು ಯೀಸ್ಟಿನ ಗಸಿಯ ಮೇಲೆ.

ಆ ಒತ್ತಡದ ಅರಿವಿದ್ದೂ ನಾನು ಅವಸರ ಮಾಡಿದೆ. ಬಕೆಟ್ಟಿನಲ್ಲಿ ಐಸು, ನೀರು, ಒಂದು ಹಿಡಿ ಉಪ್ಪು ಹಾಕಿ ಅರ್ಧ ಗಂಟೆ ಇಡಬೇಕಾದದ್ದನ್ನು ಹತ್ತೇ ನಿಮಿಷಕ್ಕೆ ತೆಗೆದದ್ದರಿಂದ, ಒಂದು ಲೋಟದಷ್ಟು ನೊರೆ ಕಪ್ಪು ಮಣ್ಣಿನ ಪಾಲಾಯಿತು. ಉಳಿದದ್ದನ್ನು ಮತ್ತೆ ತಣ್ಣಗಾಗಿಸಿ ಸುರಿದೆವು.

ಬಣ್ಣ ತಿಳಿ ನಿಂಬೆ ಹಳದಿ, ಗುಳ್ಳೆಗಳು ಸಣ್ಣವು. ಮೊದಲ ಪರಿಮಳ ಹಸಿರು ಸೇಬಿನದು. ಅದರ ಬೆನ್ನಿಗೇ ಇಂಡಿ ಊರಿನ ಲಿಂಬೆಯ ಸಿಪ್ಪೆಯನ್ನು ಉಗುರಿನಿಂದ ಕೆರೆದಂಥ ಘಾಟು. ಗಸಿಯ ಸಹವಾಸದಿಂದ ಬರುವ ರೊಟ್ಟಿಯ ವಾಸನೆಗಾಗಿ ನಾನು ಬಹಳ ಹೊತ್ತು ಹುಡುಕಿದೆ. ಲೋಟ ಸ್ವಲ್ಪ ಬೆಚ್ಚಗಾದ ಮೇಲೆ, ಕಟಕ ರೊಟ್ಟಿಯ ಬುಟ್ಟಿಯ ಮುಚ್ಚಳ ತೆಗೆದಾಗ ಬರುವಷ್ಟು, ಅಷ್ಟೇ, ಸಿಕ್ಕಿತು. ಬಾಯಲ್ಲಿ ಹುಳಿ ಚುರುಕಾಗಿತ್ತು, ನೊರೆ ಮಾತ್ರ ತುಸು ಒರಟು. ತಾಜಾತನವನ್ನೇ ನೆಚ್ಚಿದ ಎಳೆಯ ಶೈಲಿಯೆಂದು ಬರೆದುಕೊಂಡೆ.

ಕಾಕಾ ಒಂದೇ ಗುಟುಕು ಬಾಯಲ್ಲಿ ಆಡಿಸಿ, ನನ್ನಂತೆಯೇ ಉಗುಳಿ, "ಹುಳಿ ಮುಂದ ಬರತೈತಿ ತಮ್ಮಾ, ಸಿಹಿ ಹಿಂದಿಂದ ಬಂದು ಮುಚ್ಚತೈತಿ" ಎಂದರು. ನಾನು ಗಮನಿಸದೇ ಬಿಟ್ಟದ್ದು ಅದನ್ನೇ. ಗಸಿ ತೆಗೆದ ನಂತರ ಸೇರಿಸುವ ಸಿಹಿಗೆ ಬ್ರೂಟ್ ಎಂಬ ಕಡಿಮೆ ಸಿಹಿಯ ದರ್ಜೆಯಲ್ಲಿ ಲೀಟರಿಗೆ 12 ಗ್ರಾಂ ಮೀರದಂತೆ ಅವಕಾಶವಿದೆ. ಇದು ಆ ಮಿತಿಯ ಮೇಲ್ತುದಿಗೆ ಹತ್ತಿರವಿದ್ದಂತೆ ತೋರಿತು.

ಉಳಿರುಚಿಗೆ ಗುಮ್ಮಟದ ಪ್ರತಿಧ್ವನಿಯ ಹೋಲಿಕೆ ನಾಲಿಗೆಯ ತುದಿಯಲ್ಲಿತ್ತು, ಆದರೆ ಅದು ಸರಿಯಲ್ಲ. ಗುಮ್ಮಟ ಕೂಗಿದ್ದನ್ನೇ ಮರಳಿಸುತ್ತದೆ, ಒಳ್ಳೆಯ ವೈನಿನ ರುಚಿಯಾದರೋ ಬದಲಾಗುತ್ತ ಉಳಿಯಬೇಕು. ಇದು ಐದಾರು ಸೆಕೆಂಡು ಲಿಂಬೆಯಾಗಿಯೇ ಇದ್ದು ಮಾಯವಾಯಿತು.

ಮರುದಿನ ಬೆಳಿಗ್ಗೆ ಗುಳ್ಳೆ ಹೋದ ಉಳಿಕೆಯನ್ನು ಮತ್ತೊಮ್ಮೆ ರುಚಿ ನೋಡಿದೆ. ಹುಳಿ ನೆಟ್ಟಗೆ ನಿಂತಿತ್ತು, ಸಿಹಿ ಬಯಲಾಗಿತ್ತು. ಪುಸ್ತಕದಲ್ಲಿ 'ಉತ್ತಮ' ಎಂದು ಬರೆದು, 'ಅತ್ಯುತ್ತಮ'ಕ್ಕೆ ಕೈ ಹೋಗದೆ ನಿಲ್ಲಿಸಿದೆ. ಬೆಲೆ ಕೇಳಿದ ಕಾಕಾ ಅದನ್ನು ಮಣೂಕದ ಕಿಲೋಗಳಲ್ಲಿ ಲೆಕ್ಕ ಹಾಕಿ, "ಇಷ್ಟ ರೊಕ್ಕಕ್ಕ ಇನ್ನೊಂದ ವರ್ಷ ಗಸಿ ಮ್ಯಾಲ ಕುಂಡ್ರಬೇಕಿತ್ತು" ಎಂದರು.