ಐದು ಹಣ್ಣಿನ ಹಲಗೆ

ಗುರುವಾರ ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹಾಲ್‌ನಲ್ಲಿ ಮಗಳ ಸದ್ದೇ ಇಲ್ಲ. ಎರಡೂವರೆ ವರ್ಷದ ಮಗು ಸುಮ್ಮನೆ ಕೂತಿದೆ ಅಂದರೆ ಏನೋ ಆಗಿದೆ ಅಂತಲೇ ಲೆಕ್ಕ. ಸ್ಟವ್ ಆರಿಸಿ ಹೋಗಿ ನೋಡಿದೆ. ಪುಟ್ಟಿ ಪಜಲ್ ಹಲಗೆ ಮುಂದಿಟ್ಟುಕೊಂಡು ಕೂತಿದ್ದಳು. ಒಂದು ಕೆನ್ನೆ ಉಬ್ಬಿತ್ತು. ಅಂಗೈ ಚಾಚಿ "ಉಗಿ ಪುಟ್ಟಿ" ಅಂದೆ. ಎಂಜಲಿನ ಜೊತೆ ಕೈಗೆ ಬಿದ್ದಿದ್ದು ಒಂದು ಹಸಿರು ಪ್ಲಾಸ್ಟಿಕ್ ಗುಂಡು. ಆನೆ ಚಿತ್ರದ ತುಂಡನ್ನು ಎತ್ತೋಕೆ ಅಂತ ಮೇಲೆ ಚುಚ್ಚಿದ್ದ ಹಿಡಿ ಅದು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಕೆಳಗೆ ಚೂಪು ಮೊಳೆ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಪಜಲ್ ತರಿಸಿ ಮೂರು ವಾರವೂ ಆಗಿರಲಿಲ್ಲ. ಆನ್‌ಲೈನ್‌ನಲ್ಲಿ ಚಿತ್ರ ನೋಡಿ, ‘ಮರದ್ದು’ ಅಂತ ಬರೆದಿದ್ದನ್ನು ನಂಬಿ ತರಿಸಿದ್ದೆ. ಬಂದಮೇಲೆ ನೋಡಿದರೆ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆ. ಪುಟ್ಟಿ ಬಾಯಿಗೆ ಹಾಕಿ ಹಾಕಿ ಸಿಂಹದ ಮೂಲೆ ಆಗಲೇ ಬನ್ನಿನ ಥರ ಊದಿಕೊಂಡಿತ್ತು. ಊದಿದ ತುಂಡು ಗುಳಿಯೊಳಗೆ ಕೂರುತ್ತಿರಲಿಲ್ಲ. ಅವಳು ಸಿಟ್ಟು ಮಾಡಿಕೊಂಡು ಎಸೆಯುತ್ತಿದ್ದಳು. ನಾನು ಎತ್ತಿಕೊಟ್ಟು "ತಿರುಗ್ಸು ಪುಟ್ಟಿ, ತಿರುಗ್ಸು" ಅಂತ ಹೇಳುತ್ತಲೇ ಇದ್ದೆ. ತಪ್ಪು ಹಲಗೆಯದ್ದು, ಮಾತು ಕೇಳಿಸಿಕೊಂಡಿದ್ದು ಮಗು.

ಆಟಿಕೆಗಳ ಬಗ್ಗೆ ಓದುತ್ತಾ ಕೂತೆ. 3 ವರ್ಷದೊಳಗಿನ ಮಕ್ಕಳ ಆಟಿಕೆಯನ್ನು ಪರೀಕ್ಷೆ ಮಾಡೋಕೆ 31.7 ಮಿಲಿಮೀಟರ್ ಅಗಲದ ಒಂದು ಪುಟ್ಟ ಕೊಳವೆ ಇಟ್ಟಿರುತ್ತಾರೆ. ಆಟಿಕೆಯಾಗಲಿ, ಅದರಿಂದ ಕಳಚಿದ ಚೂರಾಗಲಿ ಪೂರ್ತಿ ಅದರೊಳಗೆ ಇಳಿದುಬಿಟ್ಟರೆ ಅದು ಆ ವಯಸ್ಸಿನ ಮಕ್ಕಳಿಗೆ ಆಗದು. ಆ ಕೊಳವೆಯ ಅಗಲ ಸುಮಾರು ಒಂದೂಕಾಲು ಇಂಚು. ನನ್ನ ಅಂಗೈಯಲ್ಲಿದ್ದ ಆ ಹಸಿರು ಗುಂಡು ಅದರೊಳಗೆ ಎರಡು ಮೂರು ಹಿಡಿಯುತ್ತಿತ್ತು. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಅನ್ನೋದೂ ಅವತ್ತೇ ಗೊತ್ತಾಗಿದ್ದು. ಎದ್ದು ಹೋಗಿ ಡಬ್ಬಿ ತಿರುಗಿಸಿ ನೋಡಿದೆ. ಯಾವ ಗುರುತೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆ ಹತ್ತಿರ ಎಲ್ಲ ಹೇಳಿದೆ. ಅವರು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಚನ್ನಪಟ್ಟಣ ಮಗ್ಗುಲಲ್ಲೇ ಇಟ್ಕಂಡು ಅದೆಲ್ಲಿಂದಲೋ ಯಾಕವ್ವ ತರುಸ್ದೆ?" ಅಂದರು. ಮಾತು ನಿಜ. ಮಂಡ್ಯದಿಂದ ಚನ್ನಪಟ್ಟಣಕ್ಕೆ ಹೆಚ್ಚುಕಡಿಮೆ 40 ಕಿಲೋಮೀಟರ್. ಪುಟ್ಟಿ, ಅತ್ತೆ, ಭಾವನ ಮಗ, ನಾನು, ಇವರು ಎಲ್ಲ ಕಾರು ಹತ್ತಿದೆವು. ಭಾವನ ಮಗನಿಗೆ ಏಳು ವರ್ಷ. ಅವನೂ ಬರಬೇಕು ಅಂತ ನಾನೇ ಕರೆದೆ. ಒಂದೇ ಪಜಲ್ ಇಬ್ಬರಿಗೂ ಆಗಲ್ಲ ಅನ್ನೋದು ಅಷ್ಟರಲ್ಲಿ ನನಗೆ ಅರ್ಥವಾಗಿತ್ತು.

ಮೈಸೂರು-ಬೆಂಗಳೂರು ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಹಳೇ ರೋಡಿಗೆ ಇಳಿದರೇನೇ ಗೊಂಬೆ ಅಂಗಡಿಗಳು ಸಿಗೋದು. ಮೊದಲು ಈ ರೋಡಿನಲ್ಲಿ ಭಾನುವಾರ ಕಾರು ನಿಲ್ಲಿಸೋಕೆ ಜಾಗ ಇರುತ್ತಿರಲಿಲ್ಲ. ಈಗ ಅಂಗಡಿ ಬಾಗಿಲಲ್ಲಿ ತೂಗುಕುದುರೆಗಳು ಸುಮ್ಮನೆ ನಿಂತಿರುತ್ತವೆ. ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಆ ಕಡೆ ಹೋಗೋರು ಹತ್ತು ನಿಮಿಷ ಜಾಸ್ತಿ ಆದರೂ ಹಳೇ ರೋಡಿಗೆ ಇಳಿಯಬೇಕು ಅಂತ ನನ್ನಾಸೆ.

ಅಂಗಡಿಯಲ್ಲಿ ನನ್ನ ಕೈ ಮೊದಲು ಹೋಗಿದ್ದು ಕನ್ನಡ ಅಕ್ಷರಮಾಲೆಯ ಹಲಗೆಗೆ. 49 ಅಕ್ಷರ, ಒಂದೊಂದಕ್ಕೂ ಒಂದೊಂದು ಬಣ್ಣ. ಎಷ್ಟು ಚೆನ್ನಾಗಿತ್ತು ಅಂದರೆ ಬೆಲೆ ಕೇಳೋದೇ ಮರೆತೆ. ಅಂಗಡಿಯ ಹಿರಿಯರು ಕನ್ನಡಕದ ಮೇಲಿಂದ ಪುಟ್ಟಿಯನ್ನು ನೋಡಿದರು.

"ಪಾಪುಗೆ ವಯಸ್ಸೆಷ್ಟಮ್ಮಾ?"

"ಎರಡೂವರೆ."

"ಹಂಗಾದ್ರೆ ಇದು ಬೇಡ. ಇನ್ನೂ ಎರಡು ವರ್ಷ ಹೋಗ್ಲಿ, ಬನ್ನಿ, ನಾನೇ ಕೊಡ್ತೀನಿ."

ವ್ಯಾಪಾರ ಕಡಿಮೆ ಇರೋ ದಿನ ಜಾಸ್ತಿ ಬೆಲೆಯ ಮಾಲನ್ನು ತಾವಾಗಿಯೇ ಒಳಗಿಟ್ಟರು. ಆಮೇಲೆ ನೆಲದ ಮೇಲೆ ಒಂದು ಚಾಪೆ ಹಾಸಿ ಮೂರು ಸಾಮಾನು ಇಟ್ಟರು. ಕೋಲಿಗೆ ಪೋಣಿಸುವ ಐದು ಬಣ್ಣದ ಬಳೆಗಳು. ಚೌಕ, ದುಂಡು, ತ್ರಿಕೋನ ಹಾಕುವ ಒಂದು ಡಬ್ಬಿ. ಮತ್ತೆ ಐದು ಹಣ್ಣಿನ ಒಂದು ಹಲಗೆ: ಮಾವು, ಬಾಳೆ, ಸೇಬು, ದ್ರಾಕ್ಷಿ, ಪರಂಗಿ. "ಈಗ ನೀವು ಮಾತಾಡ್ಬೇಡಿ. ಮಗು ಕೈ ನೋಡ್ತಾ ಇರಿ" ಅಂದರು.

ಪುಟ್ಟಿ ಬಳೆಗಳನ್ನು ಎರಡು ಸಲ ಹಾಕಿ ತೆಗೆದು ಬಿಟ್ಟಳು. ಅದು ಅವಳಿಗೆ ಸುಲಭ. ಡಬ್ಬಿಯನ್ನು ಬೋರಲು ಹಾಕಿ ತಟ್ಟಿದಳು. ಹಣ್ಣಿನ ಹಲಗೆಗೆ ಬಂದಾಗ ನಿಧಾನ ಆದಳು. ಮಾವಿನ ಹಣ್ಣಿನ ಹಿಡಿಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಹಿಡಿದು ಎತ್ತಿದಳು. ಕೆಳಗಿನ ಗುಳಿಯಲ್ಲೂ ಅದೇ ಮಾವಿನ ಚಿತ್ರ ಇತ್ತು. ಕೈಯಲ್ಲಿದ್ದದ್ದನ್ನೂ ಗುಳಿಯಲ್ಲಿದ್ದದ್ದನ್ನೂ ಎರಡು ಮೂರು ಸಲ ಬದಲಿಸಿ ನೋಡಿದಳು. ಹಿರಿಯರು ನನ್ನ ಕಡೆ ತಿರುಗಿ ತಲೆ ಅಲ್ಲಾಡಿಸಿದರು. ನನಗೂ ಗೊತ್ತಾಯಿತು. ಪೂರ್ತಿ ಬರಲ್ಲ, ಹಾಗಂತ ಏನೂ ಬರಲ್ಲ ಅಂತಲೂ ಇಲ್ಲ. ಅಂಥದ್ದೇ ಬೇಕಾಗಿದ್ದು.

ನಾನು ತುಂಡನ್ನು ಮಗುಚಿ ಹಿಂಬದಿ ನೋಡಿದೆ. ಹಿಡಿಯ ಕಾಲು ತುಂಡಿನ ಈ ಕಡೆಯಿಂದ ಆ ಕಡೆಗೆ ತೂರಿ ಹಿಂದೆ ದುಂಡಗೆ ಕಾಣುತ್ತಿತ್ತು. ಮೊಳೆ ಇಲ್ಲ. ಹಿಡಿದು ಜಗ್ಗಿದೆ, ತಿರುಚಿದೆ, ಅಲ್ಲಾಡಲಿಲ್ಲ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದೆ, ಸಿಬರಿಲ್ಲ. ಮೂಗಿನ ಹತ್ತಿರ ಹಿಡಿದೆ, ಅಂಟಿನ ಘಾಟಿಲ್ಲ. ಒದ್ದೆ ಕರವಸ್ತ್ರದಲ್ಲಿ ಉಜ್ಜಿದೆ, ಬಣ್ಣ ಹತ್ತಲಿಲ್ಲ. ಇಷ್ಟೆಲ್ಲ ಪರೀಕ್ಷೆ ಮಾಡಿದ್ದಕ್ಕೆ ಕಾರಣ ಇದೆ. ಐಎಸ್‌ಐ ನಿಯಮದಿಂದ ನೋಂದಾಯಿತ ಕರಕುಶಲಿಗರಿಗೂ ಜಿಐ ಗುರುತು, ಅಂದರೆ ಇಂಥ ಊರಿನದ್ದೇ ಅನ್ನುವ ಗುರುತು, ಇರುವ ಆಟಿಕೆಗಳಿಗೂ ವಿನಾಯಿತಿ ಕೊಟ್ಟಿದ್ದಾರೆ. ಕೈಕೆಲಸದವರು ಒಂದೊಂದು ಗೊಂಬೆಯನ್ನೂ ಲ್ಯಾಬಿಗೆ ಕಳಿಸೋಕಾಗಲ್ಲ, ಆ ವಿನಾಯಿತಿ ನ್ಯಾಯವೇ. ಆದರೆ ಗುರುತಿಲ್ಲದ ಕಡೆ ನಮ್ಮ ಕಣ್ಣು, ಮೂಗು, ಬೆರಳೇ ಕೆಲಸ ಮಾಡಬೇಕಲ್ವಾ. ಹಿರಿಯರು ಬೇಜಾರು ಮಾಡಿಕೊಳ್ಳಲಿಲ್ಲ. "ನೋಡಿ ನೋಡಿ, ಚೆನ್ನಾಗಿ ನೋಡಿ" ಅಂತಿದ್ದರು.

"ಇದು ಅರಗಾ, ಪೇಂಟಾ?" ಅಂತ ಕೇಳಿದೆ. ಹಿಡಿಗಳು ಅರಗಿನ ಬಣ್ಣ, ಚಪ್ಪಟೆ ಹಣ್ಣುಗಳು ಸೀಸ ಇಲ್ಲದ ಪೇಂಟು ಅಂದರು. ಲೇತ್ ಮೇಲೆ ತಿರುಗುವ ದುಂಡು ಸಾಮಾನಿಗೆ ಮಾತ್ರ ಅರಗು ಹತ್ತಿಸೋಕಾಗುತ್ತದಂತೆ. "ಹೆಂಗೆ ಅಂತ ಬನ್ನಿ ತೋರಿಸ್ತೀನಿ" ಅಂತ ಹಿಂದಿನ ಕಾರ್ಖಾನೆಗೆ ಕರೆದುಕೊಂಡು ಹೋದರು.

ಪುಟ್ಟ ಶೆಡ್ಡು. ನೆಲದ ತುಂಬ ಬಿಳಿ ಹೊಟ್ಟು. ಆಲೆ ಮರದ್ದು. ಹಾಲು ಸುರಿಸುವ ಮರ, ಅದಕ್ಕೇ ಕೆಲವರು ಹಾಲೆ ಅಂತಲೂ ಅನ್ನುತ್ತಾರೆ. ಒಣಗಿದ ಮೇಲೆ ಹಗುರ, ನಯ, ಹೆಚ್ಚುಕಡಿಮೆ ದಂತದ ಬಣ್ಣ. ಲೇತ್ ಮೇಲೆ ಒಬ್ಬರು ಹೆಬ್ಬೆರಳು ಗಾತ್ರದ ಕಡ್ಡಿ ಕೂರಿಸಿ ಉಳಿ ಹಿಡಿದರು. ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿತು. ಆಮೇಲೆ ಕೆಂಪು ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಕುಂಚ ಇಲ್ಲ, ನೀರಿಲ್ಲ. ಕೊನೆಗೆ ಒಣ ತಾಳೆ ಗರಿ ಮಡಚಿ ಒತ್ತಿ ಹಿಡಿದರು. ಮಂಕಾಗಿದ್ದ ಕೆಂಪು ಕ್ಷಣದಲ್ಲಿ ಕನ್ನಡಿಯಾಯಿತು. ಭಾವನ ಮಗ "ಚಿಕ್ಕಮ್ಮ, ಲೈಟು ಕಾಣ್ತಿದೆ ಅದ್ರಲ್ಲಿ!" ಅಂತ ಕೂಗಿದ. ಪುಟ್ಟಿ ನನ್ನ ಸೆರಗು ಹಿಡಿದುಕೊಂಡೇ ಇದ್ದಳು, ಆದರೆ ಕಣ್ಣು ಆಚೀಚೆ ಆಗಲಿಲ್ಲ. ಅವರು ಲೇತ್ ನಿಲ್ಲಿಸಿ, ಆ ಹಿಡಿಯನ್ನು ಕತ್ತರಿಸಿ ಅವಳ ಕೈಗಿಟ್ಟರು. ಇನ್ನೂ ಬೆಚ್ಚಗಿತ್ತು. ಅದು ಚಿಕ್ಕದು ಅಂತ ನಾನು ಆಮೇಲೆ ಮೆಲ್ಲಗೆ ತೆಗೆದಿಟ್ಟುಕೊಂಡೆ. ಈಗಲೂ ನನ್ನ ಪರ್ಸಿನಲ್ಲಿದೆ.

ಹೊರಡುವಾಗ ಒಂದು ಮಾತು ಹೇಳಿದರು. ಅರಗಿಗೆ ಸ್ಪಿರಿಟ್ ಆಗಲ್ಲ, ಬಿಸಿನೀರು ಆಗಲ್ಲ. ಸ್ಯಾನಿಟೈಸರ್ ಹಾಕಿ ಒರೆಸಿದರೆ ಬಣ್ಣ ಕರಗಿ ಜಿಗುಟಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿದರೆ ಸಾಕು.

ಮನೆಗೆ ಬಂದಾಗ ನಾಲ್ಕು ಗಂಟೆ. ಹಲಗೆಯನ್ನು ನಡುವೆ ಇಟ್ಟೆ, ಐದೂ ಹಣ್ಣು ಪಕ್ಕಕ್ಕೆ ತೆಗೆದಿಟ್ಟೆ. ಪುಟ್ಟಿ ಸೇಬು ಹಾಕಿದಳು. ಅದು ಹೇಗೆ ಹಾಕಿದರೂ ಹೆಚ್ಚುಕಡಿಮೆ ಕೂರುತ್ತದೆ. ದ್ರಾಕ್ಷಿ ಕೂತಿತು. ಮಾವನ್ನು ಪರಂಗಿಯ ಗುಳಿಯಲ್ಲಿ ಇಟ್ಟು ನೋಡಿದಳು, ಅಲ್ಲಾಡಿತು, ತೆಗೆದು ಸರಿಯಾದ ಕಡೆ ಇಟ್ಟಳು. ಆಮೇಲೆ ಬಾಳೆಹಣ್ಣು.

ಬಾಳೆಹಣ್ಣು ಬಾಗಿರುತ್ತದಲ್ಲ, ಒಂದೇ ರೀತಿ ಕೂರೋದು. ಅವಳು ತಲೆಕೆಳಗಾಗಿ ಇಟ್ಟಳು. ಕೂರಲಿಲ್ಲ. ಅಂಗೈಯಿಂದ ಒತ್ತಿದಳು. "ಬಾಯೆಹಣ್ಣು ಹೋಗಲ್ಲ" ಅಂದಳು. ಎದ್ದು ನಿಂತು ಮೈಭಾರ ಹಾಕಿ ಒತ್ತಿದಳು. ತುಟಿ ಮುಂದೆ ಬಂತು. ಇನ್ನೇನು ಎಸೆಯುತ್ತಾಳೆ ಅಂತ ನನ್ನ ಕೈ ತಾನಾಗೇ ಮುಂದೆ ಹೋಯಿತು. ‘ತಿರುಗ್ಸು’ ಅನ್ನೋ ಮಾತು ಬಾಯಿಗೆ ಬಂದಿತ್ತು. ಅತ್ತೆ ಪಕ್ಕದಿಂದ ನನ್ನ ಮಣಿಕಟ್ಟು ಹಿಡಿದರು.

"ಬುಡವ್ವ ನೀನು. ಅದೇ ಹುಡುಕ್ಕತದೆ."

ಅತ್ತೆ ಕೈ ಬಿಡಲಿಲ್ಲ. ಫ್ಯಾನ್ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಪುಟ್ಟಿ ಕೂತಳು. ಹಿಡಿಯನ್ನು ಮೂರು ಬೆರಳಲ್ಲಿ ಹಿಡಿದು ಎತ್ತಿದಳು. ಹಿಂದೆ ಮುಂದೆ ನೋಡಿದಳು. ಮತ್ತೆ ಇಟ್ಟಳು, ಈ ಸಲ ಅಡ್ಡಡ್ಡ. ಒತ್ತಲಿಲ್ಲ. ಇಟ್ಟ ಕಡೆಯೇ ಕೈ ಮೆಲ್ಲಗೆ ಅಲ್ಲಾಡಿತು, ಗಡಿಯಾರದ ಮುಳ್ಳಿನ ಹಾಗೆ ಚೂರೇ ಚೂರು ತಿರುಗಿತು. ನಿಂತಿತು. ಇನ್ನೊಂದು ಚೂರು ತಿರುಗಿತು. ಟಕ್ ಅಂತ ಬಾಳೆಹಣ್ಣು ಒಳಗೆ ಇಳಿಯಿತು.

ಅವಳು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಚಪ್ಪಾಳೆಗೂ ಕಾಯಲಿಲ್ಲ. ಹಿಡಿ ಹಿಡಿದು ಮತ್ತೆ ಎತ್ತಿದಳು, ಮತ್ತೆ ತಿರುಗಿಸಿ ಕೂರಿಸಿದಳು. ಟಕ್. ಮತ್ತೆ. ಹನ್ನೊಂದು ಸಲ. ನಾನು ಎಣಿಸಿದೆ. ಪರಂಗಿ ಹಣ್ಣು ಪಕ್ಕದಲ್ಲೇ ಬಿದ್ದಿತ್ತು, ಅದರ ಕಡೆ ನೋಡಲೇ ಇಲ್ಲ.

ನನ್ನ ಗೆಳತಿಯೊಬ್ಬಳು ಮಾಂಟೆಸ್ಸರಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ರಾತ್ರಿ ಫೋನಿನಲ್ಲಿ ಇದನ್ನು ಹೇಳಿದೆ. ಅವಳಿಗೆ ನನಗಿಂತ ಜಾಸ್ತಿ ಖುಷಿಯಾಯಿತು. ಅವರ ಶಾಲೆಯಲ್ಲಿ ಮರದ ದಿಮ್ಮಿಯೊಂದರಲ್ಲಿ 10 ಗುಳಿ, 10 ಹಿಡಿಯ ಸಿಲಿಂಡರ್ ಇರುತ್ತವಂತೆ. ಒಂದನ್ನು ತಪ್ಪು ಗುಳಿಗೆ ಹಾಕಿದರೆ ಕೊನೆಯದು ಉಳಿದುಬಿಡುತ್ತದೆ. ತಪ್ಪಾಯಿತು ಅಂತ ಟೀಚರ್ ಹೇಳೋ ಹಾಗೇ ಇಲ್ಲ, ಮರವೇ ಹೇಳುತ್ತದೆ. ಮಗು ಹಿಡಿ ಹಿಡಿಯುವ ಆ ಮೂರು ಬೆರಳೇ ಮುಂದೆ ಪೆನ್ಸಿಲ್ ಹಿಡಿಯೋದು ಅಂದಳು. ನನಗೆ ಪೆನ್ಸಿಲ್‌ಗಿಂತ ಆ ಮೊದಲ ಮಾತು ಮನಸ್ಸಿಗೆ ಹತ್ತಿತು. ಮೂರು ವಾರ ‘ತಿರುಗ್ಸು’ ಅಂತ ಹೇಳಿದ್ದು ನಾಟದ ಮಗುವಿಗೆ, ಒಂದು ಬಾಳೆಹಣ್ಣು ಬಾಯಿಬಿಡದೆ ಹೇಳಿಕೊಟ್ಟಿತ್ತು.

ಭಾವನ ಮಗನಿಗೆ ತಂದಿದ್ದು ಕರ್ನಾಟಕದ ನಕ್ಷೆ, ಜಿಲ್ಲೆಗೊಂದು ತುಂಡಿನಂತೆ 31. ಈ ಪಜಲ್ ಅನ್ನೋದು ಹುಟ್ಟಿದ್ದೇ ನಕ್ಷೆಯಿಂದ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಅನ್ನುವ ನಕ್ಷೆ ಕೆತ್ತುವವರು, ನಕ್ಷೆಯನ್ನು ಮರದ ಹಲಗೆಗೆ ಅಂಟಿಸಿ ದೇಶದ ಗಡಿಗುಂಟ ಕೊಯ್ದು ಮಕ್ಕಳಿಗೆ ಭೂಗೋಳ ಕಲಿಸೋಕೆ ಮಾರುತ್ತಿದ್ದರು. ನಮ್ಮ ಹುಡುಗ ಮೊದಲು ಬೀದರ್ ಮೇಲಿಟ್ಟ, ಚಾಮರಾಜನಗರ ಕೆಳಗಿಟ್ಟ. ಬೆಳಗಾವಿ ಎಲ್ಲಕ್ಕಿಂತ ದೊಡ್ಡದು ಅಂತ ಅದನ್ನು ಅಳತೆಗೋಲು ಮಾಡಿಕೊಂಡ. "ಚಿಕ್ಕಮ್ಮ, ಇವತ್ತು ನಾವು ಹೋಗಿದ್ದು ಯಾವ ತುಂಡು?" ಅಂತ ಕೇಳಿದ. ರಾಮನಗರ ಅಂತ ಬರೆದಿದ್ದ ತುಂಡು ತೋರಿಸಿದೆ. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿತು, ಹಲಗೆ ಹಳೆಯದ್ದು. ಅವನು ಆ ತುಂಡನ್ನು ಮಂಡ್ಯದ ಪಕ್ಕ ಕೂರಿಸಿ, ಎರಡರ ಮೇಲೂ ಬೆರಳಿನಲ್ಲಿ ಕಾರು ಓಡಿಸಿದ.

ರಾತ್ರಿ ಎಂಟೂವರೆಗೆ 30 ಜಿಲ್ಲೆ ಕೂತಿದ್ದವು. ಕೊಡಗು ಇರಲಿಲ್ಲ. ಸೋಫಾ ಎತ್ತಿದೆವು, ದಿಂಬು ಕೊಡವಿದೆವು, ಅತ್ತೆ ಟಾರ್ಚ್ ಹಿಡಿದು ಮಂಚದ ಕೆಳಗೆ ನೋಡಿದರು. ಹುಡುಗ ಅಳುವ ಹಾಗಾಗಿ ಮಲಗಿದ.

ಬೆಳಿಗ್ಗೆ ಹಾಲು ಕಾಯಿಸಿ ಹಾಲ್‌ಗೆ ಬಂದೆ. ಪುಟ್ಟಿ ನನಗಿಂತ ಮೊದಲೇ ಎದ್ದು ಹಲಗೆ ಮುಂದೆ ಕೂತಿದ್ದಳು. ಮಾವಿನ ಹಣ್ಣು ತೊಡೆ ಮೇಲಿತ್ತು. ಮಾವಿನ ಗುಳಿಯ ಮೇಲೆ ಕೊಡಗು ಇಟ್ಟುಕೊಂಡು, ಮೆಲ್ಲಗೆ, ಚೂರೇ ಚೂರು ತಿರುಗಿಸುತ್ತಿದ್ದಳು.